ಭಾವನಿಗೆ ನಾನು ಹೇಳಿದ್ದೆ

ನಾನು ಹೇಳಿದ್ದೆ. ಅದಕ್ಕೆ ಮೂರು ಜನ ಸಾಕ್ಷಿ ಇದ್ದಾರೆ. ನಮ್ಮ ಗ್ಯಾರೇಜಿಗೆ ಬಂದ ಬೈಕಿನ ಯಜಮಾನರಾದ ಬ್ಯಾಂಕಿನ ಸಾಹೇಬರಿದ್ದರು, ಸ್ಕೂಟರಿನ ಬ್ರೇಕ್ ಸರಿ ಮಾಡಿಸಲು ಬಂದು ಕೂತಿದ್ದ ಅಡಿಕೆ ವ್ಯಾಪಾರಿ ಒಬ್ಬರಿದ್ದರು, ಚಾದ ಗ್ಲಾಸು ಒಯ್ಯಲು ಬಂದ ಎದುರಿನ ಹೋಟೆಲಿನವನಿದ್ದ. "ಪೈಪು ಎಳಿಯಡ ಭಾವಾ, ಒಳಗೆ ಪ್ರೆಶರ್ ಇದ್ದು, ಮುಖಕ್ಕೆ ಹೊಡೀತು" ಎಂದು, ಅಂದರೆ ಎಳೆಯಬೇಡ, ಮುಖಕ್ಕೆ ಹೊಡೆಯುತ್ತದೆ ಎಂದು, ನಾನು ಹೇಳಿದ್ದನ್ನು ಮೂವರೂ ಕೇಳಿದ್ದಾರೆ. ಎಲ್ಲಿ ಕರೆದರೂ ಬಂದು ಹೇಳುತ್ತಾರೆ. ಇಷ್ಟು ವರ್ಷ ಈ ಸಾಕ್ಷಿಯನ್ನು ಹಿಡಿದುಕೊಂಡೇ ನಾನು ಸಿದ್ದಾಪುರದ ಪೇಟೆಯಲ್ಲಿ ತಲೆಯೆತ್ತಿ ತಿರುಗಾಡಿದ್ದೇನೆ. ಆದರೆ ಆ ಮೂವರಿಗೂ ಗೊತ್ತಾಗದ ವಿಷಯವೊಂದಿದೆ. ಅದನ್ನು ಬರೆದು ಮುಗಿಸೋಣವೆಂದು ಈಗ ಕೂತಿದ್ದೇನೆ.

ಭಾವನೆಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ನಾನು ಅವನನ್ನು ಭಾವ ಅನ್ನುತ್ತೇನೆ, ಅವನೂ ನನ್ನನ್ನು ಭಾವ ಅನ್ನುತ್ತಾನೆ. ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯನಾದರೂ ಏಕವಚನವೇ. ಈ ಭಾವ-ಭಾವಂದಿರ ನಡುವೆ ತಮಾಷೆಗೆ ಮಿತಿಯೆಂಬುದಿಲ್ಲ. ಮದುವೆ ಮನೆಯಲ್ಲಿ ಭಾವನ ಪಾಯಸಕ್ಕೆ ಉಪ್ಪು ಹಾಕಬಹುದು, ಚಪ್ಪಲಿ ಅಡಗಿಸಿಟ್ಟು ಬರಿಗಾಲಲ್ಲಿ ಊರಿಗೆ ಕಳಿಸಬಹುದು, ನೂರು ಜನರ ಎದುರು ಅವನ ಮಾನ ಹರಾಜು ಹಾಕಬಹುದು. ಹಾಕಿಸಿಕೊಂಡವನು ನಗಬೇಕು. ನಗದೆ ಮುಖ ಊದಿಸಿಕೊಂಡರೆ ಸುತ್ತ ಇದ್ದವರೆಲ್ಲ, "ಹೋಗೋ, ಭಾವ ಹೇಳಿದ್ದಕ್ಕೆ ಸಿಟ್ಟು ಮಾಡ್ತ್ಯನಾ?" ಎಂದು ಇನ್ನೊಂದು ಸುತ್ತು ನಗುತ್ತಾರೆ. ನಾನು ಹನ್ನೆರಡು ವರ್ಷ ನಕ್ಕಿದ್ದೇನೆ. ನಗುವುದಕ್ಕೆ ಎಷ್ಟು ಸಿಟ್ಟು ಬೇಕು ಅಂತ ನನ್ನನ್ನು ಕೇಳಿ.

ತೊಂಬತ್ತರ ದಶಕದ ನಡುವೆ ನಾನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಅಕ್ಕ ತನ್ನ ಗಂಡನಿಗೆ ಹೇಳಿ ಅವನ ಗ್ಯಾರೇಜಿಗೆ ಸೇರಿಸಿದಳು. ನನಗಾಗ ಇಪ್ಪತ್ತನಾಲ್ಕು. ಸಿದ್ದಾಪುರದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ತಗಡಿನ ಮಾಡಿನ ಒಂದು ಅಂಕಣ, ಅದೇ ಗ್ಯಾರೇಜು. ಭಾವ ಒಳ್ಳೆಯ ಕೆಲಸಗಾರ. ಅದನ್ನು ಇಲ್ಲ ಅಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಯಾವ ಭಾಗ ಸವೆದಿದೆ ಎಂದು ಹೇಳುತ್ತಿದ್ದ. ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲ ಅಂತ ಯಾರಾದರೂ ಬಂದರೆ ಅವನ ಕೆಲಸ ಮೂರೇ: ಟ್ಯಾಂಕಿನ ಕೆಳಗಿನ ಕಾಕ್, ಅಂದರೆ ಪೆಟ್ರೋಲಿನ ನಲ್ಲಿ, ಮುಚ್ಚುವುದು, ಪೈಪು ಎಳೆಯುವುದು, ಬಾಯಿಟ್ಟು ಊದುವುದು. ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ಕಸ. ಎಳೆದ ಕೈ ಕೆಳಗಿಳಿಯುವ ಮೊದಲೇ ಬಾಯಿ ಪೈಪಿನ ಹತ್ತಿರ ಹೋಗಿರುತ್ತಿತ್ತು. ಸಾವಿರ ಗಾಡಿಗೆ ಹೀಗೆ ಊದಿದ್ದಾನೆ. ಸಿದ್ದಾಪುರ, ಸಿರಸಿ, ಯಲ್ಲಾಪುರ, ಈ ಮೂರು ತಾಲೂಕಿನ ಎಲ್ಲ ಮೆಕ್ಯಾನಿಕ್ಕರೂ ಹೀಗೇ ಊದುತ್ತಿದ್ದರು.

ನಾನು ಸೇರಿದ ಮೂರನೇ ದಿನ ಒಂದು ಟ್ಯಾಂಕಿನಿಂದ ಪೆಟ್ರೋಲ್ ಇಳಿಸಬೇಕಾಗಿತ್ತು. "ಬಾಯಲ್ಲಿ ಒಂದ್ಸಲ ಜೋರಾಗಿ ಎಳಿ, ಅದರಷ್ಟಕ್ಕೆ ಬತ್ತು" ಅಂದ. ಎಳೆದೆ. ಯಾವಾಗ ನಿಲ್ಲಿಸಬೇಕೆಂದು ಅವನು ಹೇಳಲಿಲ್ಲ. ಬಾಯಿ ತುಂಬಿ, ಗಂಟಲಿಗಿಳಿದು, ಸಂಜೆಯವರೆಗೆ ತೇಗಿದರೆ ಪೆಟ್ರೋಲ್ ವಾಸನೆ. ಗ್ಯಾರೇಜಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ಕಿಸೆಯಿಂದ ಬೀಡಿ ತೆಗೆದು ಚಾಚುತ್ತಿದ್ದ. "ಭಾವಾ, ಒಂದು ಬೀಡಿ ಸೇದ್ತ್ಯನಾ?" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಕ್ಕಿದ್ದಕ್ಕೆ ಮತ್ತೊಮ್ಮೆ ವಾಂತಿಯಾಯಿತು.

ಇನ್ನೊಮ್ಮೆ, ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದೆ. ಒಂದು ರಟ್ಟಿನ ಡಬ್ಬಿಗೆ ಸುತ್ತ ಟೇಪು ಸುತ್ತಿ ಕೈಗೆ ಕೊಟ್ಟ. ಯಲ್ಲಾಪುರದ ಸ್ಪೇರ್ ಅಂಗಡಿಗೆ ಮುಟ್ಟಿಸಬೇಕು, ಬಹಳ ನಾಜೂಕಿನ ಸಾಮಾನು, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಕೂರಬೇಕು ಅಂದ. ಸಿರಸಿಯಲ್ಲಿ ಬಸ್ಸು ಬದಲಿಸಿ, ನಿಂತು, ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೋದೆ. ಅಂಗಡಿಯ ಸಾಹೇಬರು, ಗಡ್ಡದ ವಯಸ್ಸಾದವರು, ಟೇಪು ಬಿಚ್ಚಿ ನೋಡಿದರೆ ಒಳಗೊಂದು ಇಟ್ಟಿಗೆ ತುಂಡು, ಒಂದು ಚೀಟಿ. "ಇವನನ್ನು ಮುಂದಿನ ಬಸ್ಸಿಗೆ ವಾಪಸ್ ಕಳಿಸಿ" ಎಂದು ಬರೆದಿತ್ತು. ಸಾಹೇಬರು ನಗಲಿಲ್ಲ. "ಕೂತ್ಕೊಳ್ರಿ, ಚಾ ಕುಡೀರಿ" ಅಂದರು. ಚೀಟಿಯನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿ, "ನಿಮ್ಮ ಭಾವಗೆ ಹೇಳ್ರಿ, ನಂದು ಅಂಗಡಿ, ನಾಟಕದ ಕಂಪನಿ ಅಲ್ಲ ಅಂತ" ಅಂದರು. ಅವರು ನಕ್ಕಿದ್ದರೆ ನಾನೂ ನಕ್ಕು ಎದ್ದು ಬರುತ್ತಿದ್ದೆ. ಅವರು ಕನಿಕರಪಟ್ಟರು, ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿರಲಿಲ್ಲ. ವಾಪಸ್ ಬರುವಷ್ಟರಲ್ಲಿ ಭಾವ ಬಸ್ ಸ್ಟ್ಯಾಂಡಿನಲ್ಲೇ ನಾಲ್ಕು ಜನರನ್ನು ಸೇರಿಸಿಕೊಂಡು ನಿಂತಿದ್ದ.

ಇದನ್ನೆಲ್ಲ ನಾನು ಮರೆತೇನು. ಮತ್ತಿಘಟ್ಟದ ಕಡೆಯವರು ಬಂದ ದಿನವನ್ನು ಮಾತ್ರ ಮರೆಯುವುದಿಲ್ಲ. ನನಗೆ ನೋಡುತ್ತಿದ್ದ ಹೆಣ್ಣಿನ ಅಪ್ಪ, ಸೋದರಮಾವ, ಜೊತೆಗೆ ಹುಡುಗಿಯೂ ಬಂದಿದ್ದಳು. ಯಾವುದೋ ಮದುವೆಗೆ ಬಂದವರು ಹಾಗೇ ಅಕ್ಕನ ಮನೆ ಹೊಕ್ಕಿದ್ದರು. ನನಗೆ ಅವಳು ಹಿಡಿಸಿದ್ದಳು. ಅಕ್ಕನ ಜೊತೆ ಬಡಿಸುವಾಗ ಒಮ್ಮೆ ನೇರವಾಗಿ ನನ್ನ ಮುಖ ನೋಡಿದಳು, ಬೇಡವೆಂಬ ನೋಟ ಅದಾಗಿರಲಿಲ್ಲ. ಅವಳ ಅಪ್ಪ, ಮಾಣಿ ಎಂಥ ಕೆಲಸ ಮಾಡುತ್ತಾನೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಭಾವ ಹೇಳಿದ: "ಗಾಡಿ ತೊಳೀತ. ಅದೊಂದು ಚೊಲೋ ಬತ್ತು. ಪಾತ್ರೆ ತೊಳೆಯದು ನಿಮ್ಮನೇಲಿ ಕಲ್ಸಿಕೊಳ್ಳಿ." ಪಂಕ್ತಿಯೇ ನಕ್ಕಿತು. ಹುಡುಗಿಯೂ ನಕ್ಕಳು. ಮರುವಾರ, ಜಾತಕ ಕೂಡಿಬರಲಿಲ್ಲವೆಂದು ಹೇಳಿ ಕಳಿಸಿದರು. ನಮ್ಮ ಕಡೆ ಗಂಡುಗಳಿಗೆ ಹೆಣ್ಣು ಸಿಗದೆ ಒದ್ದಾಡಲು ಶುರುವಾಗಿದ್ದ ಕಾಲ ಅದು. ಆಮೇಲೆ ನನಗೆ ಯಾವುದೂ ಕೂಡಿಬರಲಿಲ್ಲ. ಅಕ್ಕ ಗಂಡನ ಮೇಲೆ ರೇಗಿದಳು. "ಎಂತ ಮಾರಾಯ್ತಿ, ಭಾವಂಗೆ ಹೇಳಿದ್ದಪ" ಅಂದ ಅವನು. ಅವನಿಗೆ ನಿಜಕ್ಕೂ ಏನೂ ಅನಿಸಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು.

ಒಂದು ಕೆಲಸದಲ್ಲಿ ಮಾತ್ರ ಅವನು ಎಂದೂ ತಮಾಷೆ ಮಾಡಿದವನಲ್ಲ. ಮಳೆಗಾಲದಲ್ಲಿ ಗಾಡಿಗಳು ಕಡಿಮೆ, ಆಗ ನಾವು ಸೀಮೆಎಣ್ಣೆಯ ಪಂಪ್ ಸ್ಟೋವ್ ರಿಪೇರಿ ಮಾಡುತ್ತಿದ್ದೆವು. ಮೊದಲ ಸ್ಟೋವು ನನ್ನ ಕೈಗೆ ಕೊಟ್ಟ ದಿನ ಎದುರು ಕುಕ್ಕರಗಾಲಲ್ಲಿ ಕೂತು, ನಗದೆ, ಮೆಲ್ಲಗೆ ಹೇಳಿದ: "ಮೊದ್ಲು ಈ ಸ್ಕ್ರೂ ಸಡಿಲ ಮಾಡಿ ಗಾಳಿ ಬಿಡವು. ಪೂರಾ ಬಿಡವು. ಕಿವಿಗೊಟ್ಟು ಕೇಳು, ಸದ್ದು ನಿಂತ ಮೇಲೇ ತೂತಿಗೆ ಪಿನ್ನು. ಮುಖ ದೂರ ಇಟ್ಗ." ಅವನ ದೊಡ್ಡಮ್ಮನ ಕುತ್ತಿಗೆಯ ಮೇಲೆ ಸ್ಟೋವಿನ ಸುಟ್ಟ ಕಲೆ ಇತ್ತು. ಆಮೇಲೂ ಪ್ರತಿ ಮಳೆಗಾಲ, ನಾನು ಸ್ಟೋವ್ ಎತ್ತಿಕೊಂಡ ಕೂಡಲೇ, ಎಲ್ಲಿದ್ದರೂ ಅಲ್ಲಿಂದಲೇ ಕೇಳುತ್ತಿದ್ದ: "ಗಾಳಿ ಬಿಟ್ಯನಾ?" ಬಿಟ್ಟೆ ಅನ್ನುವವರೆಗೆ ತನ್ನ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಎರಡು ಸಾವಿರದ ಆರೇಳರ ಹೊತ್ತಿಗೆ ಕಾರ್ಬುರೇಟರ್ ಇಲ್ಲದ ಬೈಕುಗಳು ಒಂದೊಂದಾಗಿ ಕಾಣಿಸತೊಡಗಿದವು. ಟ್ಯಾಂಕಿನೊಳಗೆ ಕರೆಂಟಿನ ಪಂಪು, ಅದು ಪೆಟ್ರೋಲನ್ನು ಒತ್ತಿ ಪೈಪಿಗೆ ನೂಕುತ್ತದೆ, ಇಂಜಿನ್ನಿನ ಬಾಯಲ್ಲಿ ಅದು ಮಂಜಿನಂತೆ ಚಿಮ್ಮುತ್ತದೆ. ಹುಬ್ಬಳ್ಳಿಯಲ್ಲಿ ಎರಡು ದಿನ ಮೆಕ್ಯಾನಿಕ್ಕರಿಗೆ ತರಬೇತಿ ಇಟ್ಟಿದ್ದರು. ಭಾವನಿಗೂ ಕರೆ ಬಂದಿತ್ತು. "ಎಂಗೆ ಕಲ್ಸುವವ್ವು ಇನ್ನೂ ಹುಟ್ಟಿದ್ವಿಲ್ಲೆ" ಎಂದು ನನ್ನನ್ನು ಕಳಿಸಿದ.

ಪಾಠ ಹೇಳಿದವರು ತೆಳ್ಳಗಿನ ಒಬ್ಬ ಇಂಜಿನಿಯರು. ಫಿಲ್ಟರ್ ಬದಲಿಸುವ ಕೆಲಸವನ್ನು ಅವರು ನಮ್ಮ ಕೈಯಲ್ಲಿ ನಾಲ್ಕು ಸಲ ಮಾಡಿಸಿದರು. ಇಂಜಿನ್ ಪೂರ್ತಿ ತಣಿಯಬೇಕು. ಗಾಳಿಯಾಡುವ ಬಯಲಿನಲ್ಲಿ ಗಾಡಿ ನಿಲ್ಲಿಸಬೇಕು, ಹತ್ತಿರದಲ್ಲಿ ಬೀಡಿ, ಬೆಂಕಿ, ಗ್ರೈಂಡರಿನ ಕಿಡಿ ಯಾವುದೂ ಕೂಡದು. ಮೊದಲು ಪಂಪಿನ ಫ್ಯೂಸ್ ಕೀಳಬೇಕು. ಆಮೇಲೆ ಇಂಜಿನ್ ಚಾಲೂ ಮಾಡಿದರೆ ಪೈಪಿನಲ್ಲಿ ಉಳಿದ ಪೆಟ್ರೋಲ್ ಉರಿದು ತಾನಾಗಿ ಬಂದ್ ಆಗುತ್ತದೆ. ಇನ್ನೆರಡು ಮೂರು ಸಲ ಸ್ಟಾರ್ಟರ್ ಒತ್ತಿ ನೋಡಬೇಕು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಪೈಪಿನ ಸಂದಿಗೆ ಬಟ್ಟೆ ಸುತ್ತಿ, ಮುಖ ದೂರವಿಟ್ಟು, ಮೆಲ್ಲಗೆ ಕ್ಲಿಪ್ ಒತ್ತಬೇಕು. "ಟೈರಿನಲ್ಲಿರೋ ಗಾಳಿಗಿಂತ ಜಾಸ್ತಿ ಪ್ರೆಶರ್ ಈ ಸಣ್ಣ ಪೈಪಿನಲ್ಲಿದೆ, ಗಾಡಿ ಬಂದ್ ಮಾಡಿದ್ರೂ ಇರುತ್ತೆ" ಅಂದರು ಆ ಇಂಜಿನಿಯರು. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ಬಿಡದೆ ತೊಳೆಯಿರಿ, ನೇರ ಡಾಕ್ಟರ ಹತ್ತಿರ ಹೋಗಿ ಅಂದರು. ಎಲ್ಲವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಸ್ಸಿನಲ್ಲಿ ಮರಳುವಾಗ ಮತ್ತೆ ಮತ್ತೆ ಓದಿದೆ. ಜನ್ಮದಲ್ಲಿ ಮೊದಲ ಬಾರಿಗೆ ಭಾವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

"ಎಂತ ಕಲ್ತೆ?" ಎಂದು ಭಾವ ಕೇಳಿದ.

"ಎಂತದೂ ಇಲ್ಲೆ. ಊಟ ಚೊಲೋ ಇತ್ತು" ಅಂದೆ.

ಅವನು ನಕ್ಕ. ಇದನ್ನೂ ಗಿರಾಕಿಗಳಿಗೆ ಹೇಳಿ ಹೇಳಿ ನಗಿಸಿದ. ನೋಟ್‌ಬುಕ್ಕನ್ನು ನಾನು ನನ್ನ ಟೂಲ್ ಪೆಟ್ಟಿಗೆಯ ಅಡಿಗೆ, ಹಳೆಯ ಗ್ಯಾಸ್ಕೆಟ್ಟುಗಳ ಕೆಳಗೆ ಇಟ್ಟೆ.

ಬೇಸಗೆಯ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಹೊತ್ತು, ಬ್ಯಾಂಕಿನ ಸಾಹೇಬರು ಸಿರಸಿಯಿಂದ ಅಂಥದೊಂದು ಬೈಕು ತಂದರು. ಬೇರೆ ಊರಿಂದ ವರ್ಗವಾಗಿ ಬಂದವರು. ಏರು ಬಂದರೆ ಗಾಡಿ ಕೆಮ್ಮುತ್ತದೆ, ಫಿಲ್ಟರ್ ಕಟ್ಟಿದೆಯಂತೆ, ಹೊಸದನ್ನು ತರಿಸಿಟ್ಟಿದ್ದೇನೆ ಎಂದು ಕೈಗೆ ಕೊಟ್ಟರು. ಇದು ನಿಮ್ಮಲ್ಲಿ ಆಗುತ್ತದಾ, ಹುಬ್ಬಳ್ಳಿಗೇ ಒಯ್ಯಲಾ ಎಂದು ಅನುಮಾನದಲ್ಲಿ ಕೇಳಿದರು. ಆ ಮಾತು ಭಾವನನ್ನು ಚುಚ್ಚಿತು. ವ್ಯಾಪಾರಿಯ ಸ್ಕೂಟರಿನ ಬ್ರೇಕ್ ಶೂಗಳನ್ನೂ ಕಬ್ಬಿಣದ ಡ್ರಮ್ಮನ್ನೂ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದವನು ಅದನ್ನು ಹಾಗೇ ಬಿಟ್ಟು ಬಂದ. ಕೈತುಂಬ ಕಬ್ಬಿಣದ ಪುಡಿ, ಧೂಳು. ಸೀಟು ತೆಗೆದು, ಟ್ಯಾಂಕನ್ನು ಒಂದು ಬದಿಗೆ ಎತ್ತಿ ಕಟ್ಟಿಗೆಯ ಆನಿಕೆ ಕೊಟ್ಟು, ಕೆಳಗೆ ಬಗ್ಗಿ ನೋಡಿದ. ಇಂಜಿನ್ ಇನ್ನೂ ಮುಟ್ಟಲಾಗದಷ್ಟು ಬಿಸಿಯಿತ್ತು. ಕಾಕ್ ಹುಡುಕಿದ, ಸಿಗಲಿಲ್ಲ. "ನಲ್ಲಿನೇ ಇಲ್ಲದ್ದ ಗಾಡಿ ಇದು" ಎಂದು ನಕ್ಕು ಪೈಪಿಗೆ ಕೈ ಹಾಕಿದ. ಅಭ್ಯಾಸದಂತೆ ಮುಖವೂ ಕೈಯ ಹಿಂದೆಯೇ ಹೋಯಿತು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಏನಾಗಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. "ಸ್ಟೋವ್ ಇದ್ದಾಂಗೆ ಭಾವ, ಗಾಳಿ ಬಿಟ್ಟಿದ್ದಿಲ್ಲೆ" ಅಂದಿದ್ದರೆ ಸಾಕಾಗಿತ್ತು. ಕೈ ಹಾವು ಮುಟ್ಟಿದಂತೆ ಹಿಂದೆ ಬರುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಅದರ ಬದಲು ತಲೆ ಓರೆ ಮಾಡಿ, ಮೂಗಿನಲ್ಲಿ ನಗು ತಂದುಕೊಂಡು, ಕೊನೆಯಲ್ಲಿ ಭಾವಾ ಎಂದು ರಾಗ ಎಳೆದು, ಪೈಪು ಎಳಿಯಡ, ಮುಖಕ್ಕೆ ಹೊಡೀತು ಅಂದೆ. ಹೊಡೆಯುತ್ತದೆ ಎಂದು ಹೇಳುತ್ತ ಕಣ್ಣನ್ನೂ ಮಿಟುಕಿಸಿದೆ. ಹನ್ನೆರಡು ವರ್ಷ ಅವನು ನನ್ನ ಮೇಲೆ ಆಡಿದ್ದ ದನಿ ಅದು. ಅಕ್ಷರಕ್ಷರ ಕಲಿತಿದ್ದೆ. ಈ ದನಿಯಲ್ಲಿ ಹೇಳಿದ್ದನ್ನು ನಮ್ಮ ಕಡೆಯ ಯಾವ ಭಾವನೂ ನಂಬುವುದಿಲ್ಲ. ನಂಬಿದರೆ ಸೋತಂತೆ. ಅವನು ನಂಬಬಾರದು ಎಂದೇ ನಾನು ಹಾಗೆ ಹೇಳಿದ್ದು.

ಮೂವರು ಸಾಕ್ಷಿಗಳೂ ನಕ್ಕರು.

"ಓಹೋ, ಹುಬ್ಬಳ್ಳಿ ಪಂಡಿತ್ರು ಬೈಂದ್ರು!" ಎಂದು ಭಾವ ಕ್ಲಿಪ್ ಒತ್ತಿ ಪೈಪು ಎಳೆದ.

ಚಟ್ ಎಂದು ಸದ್ದಾಯಿತು. ಪೆಟ್ರೋಲ್ ನೇರ ಅವನ ಎರಡೂ ಕಣ್ಣಿಗೆ ಹೊಡೆಯಿತು. ಕೂತಲ್ಲಿಂದ ಹಿಂದಕ್ಕೆ ಬಿದ್ದ. ಬೆಂಕಿ ಹತ್ತಿಕೊಳ್ಳದಿದ್ದುದು ಬರೀ ಅದೃಷ್ಟ. ಬಿದ್ದವನು ಕಬ್ಬಿಣದ ಪುಡಿ ಮೆತ್ತಿದ ಎರಡೂ ಕೈಗಳಿಂದ ಕಣ್ಣು ಉಜ್ಜತೊಡಗಿದ. ಉಜ್ಜಬೇಡ ಎಂದು ನಾನು ಕೂಗಬೇಕಿತ್ತು. ನೀರಿನ ಡ್ರಮ್ಮು ಮೂಲೆಯಲ್ಲಿತ್ತು. ಹೋದೆ, ಚೊಂಬು ತುಂಬಿದೆ, ತಂದೆ. ನಡೆದುಕೊಂಡು ಹೋದೆ. ಓಡಲಿಲ್ಲ. ಇದನ್ನು ಯಾರೂ ಗಮನಿಸಲಿಲ್ಲ, ನನ್ನ ಕಾಲಿಗೆ ಮಾತ್ರ ಗೊತ್ತು.

ಎರಡು ಚೊಂಬು ನೀರು ಹೊಯ್ದುಕೊಳ್ಳುವಷ್ಟರಲ್ಲಿ ಅವನು ನಗಲು ಶುರು ಮಾಡಿದ. ಕಣ್ಣು ಕೆಂಪಗೆ ಕೆಂಡ, ಮೂಗಿನಲ್ಲಿ ನೀರು, ಬಾಯಲ್ಲಿ ನಗು. "ಎಂತದೂ ಆಜಿಲ್ಲೆ ಮಾರಾಯ, ಭಾವ ಸತ್ಯನೇ ಹೇಳಿಬಿಟ್ಟಿದ್ನಲೋ!" ಅಂದ. ಸೋತವನು ನಗಬೇಕಲ್ಲ. ಅವನ ಕಟ್ಟಳೆ ಅವನು ಮುರಿಯಲಿಲ್ಲ. ಹೋಟೆಲಿನವನು ಕೈ ಹಿಡಿದುಕೊಂಡು ಮನೆಗೆ ಮುಟ್ಟಿಸಿದ.

ಫಿಲ್ಟರನ್ನು ನಾನು ಹಾಕಿದೆ. ಫ್ಯೂಸ್ ಕಿತ್ತು ಪ್ರೆಶರ್ ಇಳಿಸುವ ಕೆಲಸ ಬೇಕಿರಲಿಲ್ಲ, ಅದಾಗಲೇ ಭಾವನ ಮುಖದ ಮೇಲೆ ಇಳಿದಿತ್ತು. ಇಂಜಿನ್ ತಣಿಯಲು ಬಿಟ್ಟೆ. ಬ್ಯಾಟರಿಯ ವೈರು ಬಿಚ್ಚಿದೆ. ಫಿಲ್ಟರಿನ ಮೇಲಿನ ಬಾಣದ ಗುರುತು ಇಂಜಿನ್ನಿನ ಕಡೆಗೆ ಇರುವಂತೆ ನೋಡಿಕೊಂಡು ಕೂರಿಸಿದೆ, ಹೊಸ ಕ್ಲಿಪ್ ಹಾಕಿದೆ. ವೈರು ಕೂಡಿಸಿ, ಗಾಡಿ ಚಾಲೂ ಮಾಡದೆ ಕೀಯನ್ನು ಮೂರು ಸಲ ತಿರುಗಿಸಿ ಪಂಪು ಪೈಪಿಗೆ ಪೆಟ್ರೋಲ್ ತುಂಬಲು ಬಿಟ್ಟೆ, ಸಂದಿಗಳಲ್ಲಿ ಬೆರಳಾಡಿಸಿ ಹನಿ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಸ್ಟಾರ್ಟ್. ಗಾಡಿ ಬೆಣ್ಣೆಯಂತೆ ಓಡಿತು. "ನಿಮಗೆ ಎಲ್ಲ ಗೊತ್ತಿದೆಯಲ್ರೀ" ಎಂದು ಬ್ಯಾಂಕಿನ ಸಾಹೇಬರು ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಮುಚ್ಚಿಟ್ಟು ಏನು ಬಂತು, ಅಂಥ ಖುಷಿ ನನಗೆ ಆಮೇಲೆ ಆಗಿಲ್ಲ.

ಮನೆಯಲ್ಲಿ ಅಕ್ಕ ನಂದಿಬಟ್ಟಲು ಹೂವಿನ ರಸ ಹಿಂಡಿದಳು. ಕಣ್ಣಿಗೆ ತಂಪು ಅಂತ ಎಲ್ಲರೂ ಮಾಡುವುದೇ. ಡಾಕ್ಟರ ಹತ್ತಿರ ಹೋಗಬೇಕೆಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿತ್ತು, ನಾನು ಹೇಳಲಿಲ್ಲ. ಒಂದು ದಿನ ಬಿಟ್ಟು ಹೇಳೋಣ, ಎರಡು ದಿನ ಬಿಟ್ಟು ಹೇಳೋಣ ಅಂದುಕೊಂಡೆ. ಮೂರನೇ ದಿನ ಎಡಗಣ್ಣಿನಲ್ಲಿ ಕೀವು ಬಂತು. ಹುಬ್ಬಳ್ಳಿಗೆ ಒಯ್ದೆವು. ಕಬ್ಬಿಣದ ಪುಡಿ ಕಣ್ಣುಗುಡ್ಡೆಯನ್ನು ಗೀರಿತ್ತು, ಹುಣ್ಣಾಗಿತ್ತು. ತಿಂಗಳುಗಟ್ಟಲೆ ಔಷಧ ಬಿಟ್ಟರೂ ಎಡಗಣ್ಣು ಬೆಳ್ಳಗಾಗಿ ಹೋಯಿತು. ಬಲಗಣ್ಣು ಉಳಿಯಿತು, ಆದರೆ ಬೆಳಕು ತಡೆಯುವುದಿಲ್ಲ. ಕಪ್ಪು ಕನ್ನಡಕ ಬಂತು. ಸಣ್ಣ ಸ್ಕ್ರೂಗಳು ಅವನಿಗೆ ಕಾಣದಾದವು.

ಗ್ಯಾರೇಜು ನನ್ನದಾಯಿತು. ಯಾರೂ ಕೊಡಲಿಲ್ಲ, ತಾನಾಗಿ ನನ್ನದಾಯಿತು. ಭಾವ ದಿನಾ ಬಂದು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಬೆರಳಿನಿಂದ ತಡವಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ಮಧ್ಯಾಹ್ನ ಅವನ ಮನೆಯಲ್ಲೇ ಇಬ್ಬರಿಗೂ ಊಟ. ಅಕ್ಕ ಬಡಿಸುತ್ತ ಗಂಡನಿಗೆ ದಿನಕ್ಕೊಮ್ಮೆಯಾದರೂ ಅಂದೇ ಅನ್ನುತ್ತಿದ್ದಳು: "ತಮ್ಮ ಬಾಯಿ ಬಿಟ್ಟು ಹೇಳಿದ್ನಡ, ಊರೇ ಕೇಳಿದ್ದಡ. ನಿಮಗೆ ಕಿವಿ ಇಲ್ಯಾಗಿತ್ತಾ?" ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದ. "ಹೌದು ಮಾರಾಯ್ತಿ, ಹೇಳಿದ್ದ" ಅನ್ನುತ್ತಿದ್ದ. ನಾನು ತಂಬುಳಿ ಹಾಕಿಸಿಕೊಂಡು ಉಣ್ಣುತ್ತಿದ್ದೆ. ನಾನೊಂದು ಮಾತು ಆಡಿದ್ದರೆ ಅವಳು ಅವನನ್ನು ಬಿಡುತ್ತಿದ್ದಳು. ಆಡಲಿಲ್ಲ. ಆಡಿದ್ದರೆ ಅವಳು ನನ್ನನ್ನು ಹಿಡಿದುಕೊಳ್ಳುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲವೇನೋ. ಅಂಥ ಬೈಕುಗಳು ಹೆಚ್ಚತೊಡಗಿದವು. ನಾನು ಟ್ಯಾಂಕ್ ಎತ್ತಿದ ಸದ್ದು ಕೇಳಿದ ಕೂಡಲೇ ಭಾವ ಸ್ಟೂಲಿನಿಂದ ಕೇಳುತ್ತಿದ್ದ: "ಪ್ರೆಶರ್ ಇಳ್ಸಿದ್ಯನಾ?" ಹಿಂದೆ ಸ್ಟೋವಿಗೆ ಕೇಳುತ್ತಿದ್ದ ಅದೇ ದನಿ. ನಾನು ಯಾವಾಗಲೂ ಮೊದಲು ಫ್ಯೂಸ್ ಕಿತ್ತೇ ಕೆಲಸಕ್ಕೆ ಇಳಿಯುತ್ತಿದ್ದೆ. ಆದರೆ ಒಂದು ದಿನ, ಗಿರಾಕಿಗಳು ನಾಲ್ಕೈದು ಜನ ಇದ್ದಾಗ, "ಇಲ್ಲೆ ಭಾವಾ" ಅಂದೆ. ಅವನು ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು, ಗೋಡೆ ತಡವುತ್ತ, ಡಬ್ಬಿ ಒದ್ದುಕೊಂಡು ಹೊರಗೆ ಓಡಿದ. ನಟ್ಟುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಜನ ನಕ್ಕರು. ಹೊರಗೆ ನಿಂತು ಅವನೂ ನಕ್ಕ, ಭಾವನ ತಮಾಷೆಯಲ್ಲವೇ. ನನಗೆ ಇದು ರುಚಿ ಹತ್ತಿತು. ಆಮೇಲೆ ಎಷ್ಟು ಸಲ ಮಾಡಿದೆನೋ ನೆನಪಿಲ್ಲ. ಹೊಸ ಗಿರಾಕಿ ಬಂದರೆ ಹಳಬರು, ಭಾವನನ್ನು ಓಡಿಸಿ ತೋರಿಸು ಎಂದು ಕೇಳುವ ಮಟ್ಟಿಗೆ ಬಂತು.

ಹೀಗೆ ಎರಡು ವರ್ಷ ನಡೆಯಿತು. ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಮೊದಲು, ಬಿಳಗಿ ಕಡೆಯವರೊಬ್ಬರ ಬೈಕಿಗೆ ಫಿಲ್ಟರ್ ಬದಲಿಸಬೇಕಿತ್ತು. ಬೈಕು ಬಿಟ್ಟು ಅವರು ಪೇಟೆಗೆ ಹೋಗಿದ್ದರು. ಗ್ಯಾರೇಜಿನಲ್ಲಿ ನಾವಿಬ್ಬರೇ. ನಗುವವರು ಯಾರೂ ಇರಲಿಲ್ಲ.

"ಪ್ರೆಶರ್ ಇಳ್ಸಿದ್ಯನಾ?"

"ಇಲ್ಲೆ ಭಾವಾ" ಅಂದೆ. ಬಾಯಿಗೆ ರೂಢಿಯಾಗಿಹೋಗಿತ್ತು.

ಅವನು ಓಡಲಿಲ್ಲ. ಸ್ಟೂಲನ್ನು ಎಳೆದುಕೊಂಡು ಬೈಕಿನ ಹತ್ತಿರ ಬಂದು ಕೂತ. ಕಪ್ಪು ಕನ್ನಡಕ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಬೆಳ್ಳಗಿನ ಕಣ್ಣು, ನೀರು ಸುರಿಸುವ ಇನ್ನೊಂದು ಕಣ್ಣು. ಬಗ್ಗಿ, ಹಿಂದೆ ಊದುವಾಗ ಇಡುತ್ತಿದ್ದಂತೆಯೇ, ಮುಖವನ್ನು ಪೈಪಿನ ಹತ್ತಿರ ಇಟ್ಟ.

"ಹಂಗಾರೆ ತೆಗಿ" ಅಂದ.

ಪೈಪಿನಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಫ್ಯೂಸ್ ನನ್ನ ಕಿಸೆಯಲ್ಲೇ ಇತ್ತು. ಇಂಜಿನ್ ತಾನಾಗಿ ಬಂದ್ ಆಗಿತ್ತು, ಮೂರು ಸಲ ಸ್ಟಾರ್ಟರ್ ಒತ್ತಿ ನೋಡಿದ್ದೆ. ಆದರೂ ಬೆರಳು ಕ್ಲಿಪ್ಪಿನ ಮೇಲೆ ಕೂತದ್ದು ಒತ್ತಲಿಲ್ಲ. "ಆಚೆ ಸರ್ಕ ಭಾವ" ಅಂದೆ. ನನ್ನ ದನಿಯಲ್ಲಿ ರಾಗ ಇರಲಿಲ್ಲ.

"ಹಾಂ. ಹೀಂಗೆ ಹೇಳವು" ಅಂದ ಅವನು. ಮುಖ ತೆಗೆಯಲಿಲ್ಲ. "ಆ ದಿನ ಹೀಂಗೆ ಹೇಳಿದ್ರೆ ಆನು ಬಿಡ್ತಿದ್ದೆ. ಸ್ಟೋವ್ ಇದ್ದಾಂಗೆ ಹೇಳಿ ಒಂದು ಮಾತು ಅಂದಿದ್ರೂ ಆಗ್ತಿತ್ತು. ನಿಂಗೆ ಗೊತ್ತಿತ್ತು. ಎನ್ನ ದನಿ ತೆಗೆದು ಹೇಳಿದೆ ನೀನು."

ಮತ್ತಿಘಟ್ಟದವರ ಮಾತು ಎತ್ತಬಹುದಿತ್ತು, ಇಟ್ಟಿಗೆಯ ಡಬ್ಬಿಯನ್ನು, ಬೀಡಿಯನ್ನು ಎತ್ತಬಹುದಿತ್ತು. ಎಲ್ಲ ನೆನಪಿತ್ತು. ನಾಚಿಕೆಯಾಯಿತು. ಬೆರಳನ್ನು ಕ್ಲಿಪ್ಪಿನಿಂದ ತೆಗೆದೆ. ಅವನು ಕನ್ನಡಕ ಹಾಕಿಕೊಂಡು ಸ್ಟೂಲನ್ನು ಮತ್ತೆ ಬಾಗಿಲಿಗೆ ಎಳೆದುಕೊಂಡು ಹೋದ. "ಫಿಲ್ಟರ್ ಹಾಕು. ಬಾಣದ ಗುರುತು ನೋಡ್ಕ" ಅಂದ.

ಅಕ್ಕನಿಗೆ ಅವನು ಹೇಳಿಲ್ಲ. ಅವಳು ಈಗಲೂ ಊಟಕ್ಕೆ ಕೂತಾಗ ಅದೇ ಮಾತು ಅನ್ನುತ್ತಾಳೆ, ಅವನು ಈಗಲೂ ಹೌದು ಅನ್ನುತ್ತಾನೆ. ಆದರೆ ಆ ದಿನದಿಂದ ಅವನು ನನ್ನನ್ನು ಭಾವ ಎಂದು ಕರೆದಿಲ್ಲ. ಒಂದು ತಮಾಷೆ ಮಾಡಿಲ್ಲ. ಹೆಸರಿಗೆ ರಾಯರೆಂದು ಹಚ್ಚಿ, ಬ್ಯಾಂಕಿನ ಸಾಹೇಬರನ್ನು ಮಾತಾಡಿಸುವಂತೆ ಬಹುವಚನದಲ್ಲಿ ಮಾತಾಡಿಸುತ್ತಾನೆ. ನಾನು ಟ್ಯಾಂಕ್ ಎತ್ತಿದ ಸದ್ದು ಕೇಳಿದರೆ, "ಪ್ರೆಶರ್ ಇಳ್ಸಿದ್ರಾ?" ಎಂದು ಕೇಳುತ್ತಾನೆ. ಇಳಿಸಿದ್ದೇನೆ ಎಂದು ನಾನು ಹೇಳುತ್ತೇನೆ, ಫ್ಯೂಸನ್ನು ಅವನ ಅಂಗೈಯಲ್ಲೇ ಇಡುತ್ತೇನೆ. ಅವನು ಅದನ್ನು ಬೆರಳಿನಲ್ಲಿ ತಡವಿ ನೋಡಿ ವಾಪಸ್ ಕೊಡುತ್ತಾನೆ. ಆಮೇಲೆ ಎದ್ದು, ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು, ಹೊರಗೆ ಹೋಗಿ ನಿಲ್ಲುತ್ತಾನೆ.